ಅರ್ಧ ಗಂಟೆಯ ಅಪ್ಪ

ಮನೆಗೆ ಮೊಬೈಲು ಬಂದ ಮೇಲೆ ನಮಗೆ ನಗುವುದಕ್ಕೆ ಹೊರಗಿನವರು ಬೇಕಾಗಿಲ್ಲ. ಮಗಳೂ ಅತ್ತೆಯೂ ಸಾಕು. ಮಗಳಿಗೆ ವರ್ಷ ತುಂಬುವ ಹೊತ್ತಿಗೆ ನನ್ನ ಗಂಡ ಡ್ರೈವರ್ ಕೆಲಸಕ್ಕೆ ಮಸ್ಕತ್‌ಗೆ ಹೋದರು. ಮೂರು ವರ್ಷದ ಕರಾರು. "ಬಂದಾಗ ಮಗು ಅಪ್ಪನ್ನ ಗುರ್ತು ಹಿಡೀದೇ ಹೋದ್ರೆ ಏನವ್ವ ಮಾಡಾದು?" ಎಂಬುದೊಂದೇ ಅತ್ತೆಯ ಚಿಂತೆ. ನನ್ನದೂ ಅದೇ, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಮುದ್ದೆ ರವಾನೆ

ಭಾನುವಾರ ನಾವು ಊಟಕ್ಕೆ ಕೂತಾಗಲೇ ಅವರ ಫೋನು. ಒಂದು ದಿನ, "ಏನು ಉಣ್ತಿದ್ದೀಯ ಪುಟ್ಟಿ? ನಂಗಿಲ್ವಾ?" ಎಂದರು. ಎರಡೂವರೆ ವರ್ಷದ ಮಗಳು ಮುದ್ದೆ ಮುರಿದು, ಬಸ್ಸಾರಿನಲ್ಲಿ ಅದ್ದಿ, ಫೋನಿನಲ್ಲಿ ಮಾತು ಕೇಳಿಸುವ ತೂತುಗಳಿಗೆ ಮೆತ್ತಿದಳು. ಅಪ್ಪನ ದನಿ ಬಾವಿಗೆ ಬಿದ್ದಂತಾಯಿತು. ನಾನು ಸೇಫ್ಟಿ ಪಿನ್ನಿನಲ್ಲಿ ಕೆರೆಯುತ್ತಾ ಬೈಯುತ್ತಿದ್ದರೆ ಅತ್ತೆ, "ಬೈಬ್ಯಾಡ ಬುಡವ್ವ. ಅವ್ನು ಹೋದಾಗಿಂದ ಮುದ್ದೆ ಕಳ್ಸಿದ್ದು ಇವಳೊಬ್ಳೇ. ನೀನೇನು ಕಳ್ಸಿದ್ದೀಯ?" ಎಂದರು.

ಕಂಪ್ಯೂಟರಿಗೆ ದೃಷ್ಟಿ

ನಮ್ಮೂರಿಗೆ ಹತ್ತಿರ, ಗುರುಪುರದ ಪಕ್ಕದ ಟಿಬೆಟನ್ ಕ್ಯಾಂಪಿನ ಕಂಪ್ಯೂಟರ್ ಅಂಗಡಿಯಲ್ಲಿ ಮುಖ ನೋಡಿಕೊಂಡು ಮಾತಾಡಬಹುದೆಂದು ತಿಳಿದು, ತಿಂಗಳಿಗೆರಡು ಸಲ ಹೋಗತೊಡಗಿದೆವು. ಅರ್ಧ ಗಂಟೆ ಆಗುತ್ತಲೇ ಅಂಗಡಿಯವನದು ಎಲ್ಲರಿಗೂ ಒಂದೇ ಮಾತು: "ಟೈಮ್ ಆಯ್ತು, ಏಳಿ, ಹಿಂದೆ ಜನ ಕಾಯ್ತಿದ್ದಾರೆ."

ಮೊದಲ ದಿನ ಪರದೆಯಲ್ಲಿ ಮಗನ ಮುಖ ಕಂಡದ್ದೇ ಅತ್ತೆ, "ಸೊರಗೋಗವ್ನಲ್ಲ, ಯಾರ ಕಣ್ಣು ಬಿತ್ತೋ" ಎಂದು, ಮನೆಯಿಂದಲೇ ಸೆರಗಿಗೆ ಕಟ್ಟಿ ತಂದಿದ್ದ ಉಪ್ಪು, ಒಣಮೆಣಸಿನಕಾಯಿ ತೆಗೆದು ಕಂಪ್ಯೂಟರಿಗೆ ಮೂರು ಸುತ್ತು ನಿವಾಳಿಸಿದರು. ನಾನು ನಾಚಿ ತಲೆ ತಗ್ಗಿಸಿದೆ. ಅಂಗಡಿಯವನು ಎದ್ದು ಬಂದ. "ಅಮ್ಮಾ, ಆ ಮೂಲೇದಕ್ಕೂ ಸ್ವಲ್ಪ ಮಾಡಿ. ಎರಡು ದಿನದಿಂದ ಆನ್ ಆಗ್ತಿಲ್ಲ."

ಹಣೆಗೆ ಹಣೆ

ಪಕ್ಕದ ಕುರ್ಚಿಗೆ ಮಗಳ ವಯಸ್ಸಿನ ಟಿಬೆಟನ್ ಹುಡುಗನೊಬ್ಬ ಅಜ್ಜಿಯ ಜೊತೆ ಬರುತ್ತಿದ್ದ. ಅವನಮ್ಮ ಸ್ವಿಟ್ಜರ್ಲೆಂಡಿನಲ್ಲಿ. ಮಾತು ಮುಗಿದ ಮೇಲೆ ಅವನು ಪರದೆಗೆ ಹಣೆ ಒತ್ತುವನು. ಆ ಕಡೆಯಿಂದ ಅಮ್ಮನೂ ಒತ್ತುವಳು. ನನ್ನ ಮಗಳೂ ಕಲಿತಳು. ಅವಳ ಹಣೆಯ ಕಾಡಿಗೆ ಬೊಟ್ಟು ಪರದೆಗೆ ಅಂಟಿ ಅಪ್ಪನ ಮೂಗಿನ ಮೇಲೆ ಕೂತಿತು. ನಾನು ಒರೆಸಲು ಹೋದರೆ, ಸಂತೆಯಲ್ಲಿ ಸ್ವೆಟರ್ ಮಾರುತ್ತಲೇ ಕನ್ನಡ ಕಲಿತಿದ್ದ ಆ ಅಜ್ಜಿ, "ಇರ್ಲಿ ಬುಡಮ್ಮ. ಇನ್ನು ನಿಮ್ಮತ್ತೆಗೆ ಮೆಣಸಿನಕಾಯಿ ಖರ್ಚಿಲ್ಲ" ಎಂದರು.

ಕಾಲಿರುವ ಅಪ್ಪ

ಕರಾರು ಮುಗಿದು ಅವರು ಬಂದೇಬಿಟ್ಟರು. ಬಾಗಿಲಲ್ಲಿ ಸೂಟ್‌ಕೇಸ್ ಇಳಿಸಿ "ಪುಟ್ಟಿ" ಎಂದರು. ಮಗಳು ಅಡಿಯಿಂದ ಮುಡಿಯವರೆಗೂ ನೋಡಿ ನನ್ನ ಹಿಂದೆ ಅಡಗಿದಳು.

"ಅಪ್ಪ ಕಣೆ," ಎಂದೆ.

"ಅಲ್ಲ. ನಮ್ಮಪ್ಪಂಗೆ ಕಾಲಿಲ್ಲ."

ಅವರ ಮುಖ ಬಾಡಿತು. ಹೆದರಿದ್ದೇ ಆಯಿತಲ್ಲ ಎಂದುಕೊಂಡೆ. ಅತ್ತೆ ಮಾತ್ರ ಮಗನ ರಟ್ಟೆ ಹಿಡಿದು ಹೊರಗೆಳೆದರು. "ಬಾರ್ಲಾ. ಕಿಟ್ಕಿ ಆಚೆ ಜಗಲಿ ಮೇಲೆ ಕೂತ್ಕೊ. ಅಲ್ಲಾಡ್ಬ್ಯಾಡ."

ಕಿಟಕಿಯ ಚೌಕಟ್ಟಿನಲ್ಲಿ ಅವರ ಎದೆಯಿಂದ ಮೇಲಷ್ಟೇ ಕಂಡಿತು. ಮಗಳು ಸೆರಗು ಬಿಟ್ಟು, ಸ್ಟೂಲು ಎಳೆದು ಹತ್ತಿ ಕೂತಳು.

"ಅಪ್ಪಾ, ಕೇಳಿಸ್ತಾ?"

"ಕೇಳಿಸ್ತದೆ ಕಣವ್ವ."

ನಾಯಿ ಮರಿ ಹಾಕಿದ್ದು, ಅಂಗನವಾಡಿ ಉಪ್ಪಿಟ್ಟು, ನಾನು ಹೊಡೆದದ್ದು, ಎಲ್ಲ ವರದಿಯಾಯಿತು. ಕೊನೆಗೆ ಕಿಟಕಿ ಸರಳಿಗೆ ಹಣೆ ಒತ್ತಿದಳು. ಅವರೂ ಬಗ್ಗಿ ಒತ್ತಿದರು. ನಡುವೆ ಗಾಜಿರಲಿಲ್ಲ. ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಮಗಳು ಇಳಿದು ಕಿಟಕಿ ಬಾಗಿಲು ಎಳೆಯತೊಡಗಿದಳು. "ಟೈಮ್ ಆಯ್ತು, ಏಳಪ್ಪ. ಹಿಂದೆ ಜನ ಕಾಯ್ತಾವ್ರೆ."

ಅವರು ತಿರುಗಿ ನೋಡಿದರೆ, ಮಸ್ಕತ್‌ನಿಂದ ಬಂದವರನ್ನು ನೋಡಲು ಅರ್ಧ ಬೀದಿ ಬೆನ್ನ ಹಿಂದೆ ಸಾಲಾಗಿ ನಿಂತಿತ್ತು.