ಮಾಸ್ತರರ ಕಚಗುಳಿ

ಈಜು ಕಲಿಸುವವನಿಗೆ ನೆಗಡಿಯಾದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಸಂಗೀತದ ಮೇಷ್ಟ್ರ ಗಂಟಲು ಕಟ್ಟಿದರೆ ಶುಂಠಿ ಕಷಾಯ ಮಾಡಿ ಕೊಡುತ್ತಾರೆ. ಆದರೆ ಹಿಡಿದು ಕೆಡಹುವ ವಿದ್ಯೆ ಕಲಿಸುವವನಿಗೆ ಕಚಗುಳಿ ಇದೆ ಎಂದರೆ ಯಾರಿಗೂ ಕನಿಕರ ಹುಟ್ಟುವುದಿಲ್ಲ. ಅದಕ್ಕೇ ನಾನು ಕಾಶಿಗೆ ಬಂದಾಗಿನಿಂದ ಈ ಸಂಗತಿಯನ್ನು ಮುಚ್ಚಿಟ್ಟಿದ್ದೆ. ದೊಡ್ಡವರ ಗಟ್ಟಿ ಹಿಡಿತ ನನಗೆ ಏನೂ ಮಾಡುವುದಿಲ್ಲ. ಮಕ್ಕಳ ಸಣ್ಣ ಬೆರಳು ಸೊಂಟದ ಹತ್ತಿರ ಸುಳಿದರೆ ಸಾಕು, ಮುಗಿಯಿತು ನನ್ನ ಕಥೆ.

ಹೆಂಡತಿಗೆ ರೈಲ್ವೆಯಲ್ಲಿ ವರ್ಗವಾದಾಗ ಹುಬ್ಬಳ್ಳಿಯಿಂದ ಪಾತ್ರೆ ಪಗಡಗಳ ಜೊತೆಗೆ ಬಂದಿಳಿದವನು ನಾನು. ಕೈಕಟ್ಟಿ ಕೂರಲಾಗದೆ, ಇಲ್ಲಿಯ ಭೇಲೂಪುರದಲ್ಲಿ ಹಲ್ಲಿನ ಡಾಕ್ಟರರೊಬ್ಬರ ದವಾಖಾನೆಯ ಮೇಲಿನ ಮಹಡಿ ಹಿಡಿದು ಮಕ್ಕಳಿಗೆ ಜಿಯು ಜಿತ್ಸು ಶಾಲೆ ತೆರೆದೆ. ಇದರಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ. ಹಿಡಿದು, ಕೆಡವಿ, ಏಳದಂತೆ ಅಮುಕುವುದು. ಸಾಕಾದವನು ಕೈಯಿಂದ ತಟ್ಟಬೇಕು, ಹಿಡಿದವನು ಆ ಕ್ಷಣವೇ ಬಿಡಬೇಕು. ಕಚಗುಳಿಯ ಭಯಕ್ಕೆ ನಾನು ಮಕ್ಕಳ ಜೊತೆ ಮ್ಯಾಟಿಗೆ ಇಳಿಯುತ್ತಲೇ ಇರಲಿಲ್ಲ. ಇಬ್ಬರು ದೊಡ್ಡ ಹುಡುಗರಿಂದ ಪಟ್ಟು ಮಾಡಿಸಿ ತೋರಿಸುತ್ತಿದ್ದೆ. ಬೇರೆ ಊರಾಗಿದ್ದರೆ ಸೋಮಾರಿ ಎನ್ನುತ್ತಿದ್ದರು. ಕಾಶಿಯಲ್ಲಿ ಗುರು ಎಷ್ಟು ಕಡಿಮೆ ಅಲ್ಲಾಡುತ್ತಾನೋ ಅಷ್ಟು ದೊಡ್ಡವನು. "ಗುರೂಜಿ ಮುಟ್ಟಿದರೆ ಮೂಳೆ ಉಳಿಯದು, ಅದಕ್ಕೇ ಯಾರನ್ನೂ ಮುಟ್ಟುವುದಿಲ್ಲ" ಎಂಬ ಸುದ್ದಿ ಹಬ್ಬಿತು. ನಾನು ಅಲ್ಲಗಳೆಯಲಿಲ್ಲ.

ಹೆಣ್ಣುಮಕ್ಕಳಿಗೆ ಬೇರೆ ತರಗತಿ ತೆರೆಯಬೇಕೆಂಬುದು ನನ್ನ ಎರಡು ವರ್ಷದ ಆಸೆ. ಸಿಕ್ಕಿದ್ದು ಒಬ್ಬಳೇ, ಹತ್ತು ವರ್ಷದ ಗೌರಿ. ಜಂಗಮವಾಡಿಯ ನಮ್ಮ ಕನ್ನಡದವರ ಮನೆಯ ಹುಡುಗಿ. ಒಂದು ತಿಂಗಳು ನೋಡೋಣ ಎಂದು ಅವಳ ಅಜ್ಜಿ ಹುಡುಗರ ಜೊತೆಗೇ ಕಳಿಸಿದ್ದರು. ಆ ಓಣಿಯ ಇನ್ನೂ ನಾಲ್ಕು ಮನೆಯವರು, ಅಜ್ಜಿ ಹೂಂ ಅಂದರೆ ತಮ್ಮ ಒಬ್ಬೊಬ್ಬ ಹುಡುಗಿಯನ್ನೂ ಕಳಿಸುತ್ತೇವೆ ಎಂದು ಕಾದಿದ್ದರು. ಅಜ್ಜಿ ಊಹೂಂ ಅಂದರೆ ಇದ್ದ ಒಬ್ಬಳೂ ಹೋದಂತೆ.

ತಿಂಗಳು ತುಂಬಿದ ದಿನ ಅಜ್ಜಿ ಸೈಕಲ್ ರಿಕ್ಷಾದಲ್ಲಿ ಬಂದಿಳಿದರು. ವಿಜಯಪುರದ ಕಡೆಯಿಂದ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಅವರ ಮಾತು ಇನ್ನೂ ವಿಜಯಪುರದ್ದೇ. ಮೆಟ್ಟಿಲು ಹತ್ತಿ ಬಂದು, ಉಸಿರು ಸರಿಮಾಡಿಕೊಂಡು, ಹುಡುಗರ ಕಡೆ ತಿರುಗಿಯೂ ನೋಡದೆ ಕೇಳಿದರು:

"ಮಾಸ್ತರ್ರ, ಹುಡುಗಿ ಸಾಕು ಅಂದ್ರ ಹಿಡದಾಂವ ಬಿಡ್ತಾನೇನ್ರಿ?"

"ಬಿಡಲೇಬೇಕ್ರಿ ಅಮ್ಮಾರ, ನಮ್ಮಲ್ಲಿ ಅದೇ ಮೊದಲ್ನೇ ಪಾಠ."

"ಬಾಯಿಮಾತು ಬ್ಯಾಡ. ನೀವ ಇಳದು ಮಾಡಿ ತೋರಸ್ರಿ. ನನ್ನ ಕಣ್ಣಮುಂದ."

ಇಳಿಯದೆ ದಾರಿಯಿರಲಿಲ್ಲ. ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ: ಗೌರಿಯ ಮುಂಗೈ ಹಿಡಿಯುವುದು, ಅವಳು ತಟ್ಟುವುದು, ನಾನು ಬಿಡುವುದು. ಹತ್ತು ಸೆಕೆಂಡಿನ ಕೆಲಸ. ಹುಡುಗರು ಉಸಿರು ಬಿಗಿಹಿಡಿದು ಗೋಡೆಗೆ ಒರಗಿದರು. ಇಂದು ಒಂದು ಮೂಳೆ ಹೋಗುವುದು ಖಂಡಿತ ಎಂದುಕೊಂಡಿರಬೇಕು. ನಾನು ಕೈ ಚಾಚಿದೆ. ಗೌರಿ ಕಲಿತದ್ದನ್ನು ಕಲಿತ ಹಾಗೇ ಮಾಡುವ ಹುಡುಗಿ. ನನ್ನ ಕೈಯ ಕೆಳಗೆ ನುಸುಳಿ ಎರಡೂ ಕೈಯಲ್ಲಿ ಸೊಂಟ ಹಿಡಿದಳು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಕಿರುಚಿದೆ, ನಕ್ಕೆ, ಬಿದ್ದೆ, ಬಿದ್ದಮೇಲೂ ನಕ್ಕೆ, ಕಣ್ಣಲ್ಲಿ ನೀರು ಸುರಿಸುತ್ತ ಮ್ಯಾಟನ್ನು ಡೊಳ್ಳಿನಂತೆ ಬಡಿದೆ. ಮೊದಲ ಏಟಿಗೇ ಗೌರಿ ಬಿಟ್ಟು ದೂರ ಕೂತಿದ್ದಳು. ಉಳಿದ ಹತ್ತಿಪ್ಪತ್ತು ಏಟು ನನ್ನ ಸ್ವಂತದ್ದು. "ಗುರೂಜಿ ಹಾರ್ ಗಯೇ!" ಗುರುಗಳು ಸೋತೇಹೋದರು ಎಂದು ಯಾವನೋ ಪಿಸುಗುಟ್ಟಿದ. ಎರಡು ವರ್ಷದ ಕೀರ್ತಿ ಅಲ್ಲೇ ಮಣ್ಣುಪಾಲಾಯಿತು. ಹೋಗಲಿ, ಅದು ನ್ಯಾಯವಾಗಿ ನನ್ನದಾಗಿರಲೂ ಇಲ್ಲ. ನನಗೆ ನಿಜವಾಗಿ ದುಃಖವಾದದ್ದು ಗೌರಿಯೂ ಸೇರಿ ಆ ಐದು ಹುಡುಗಿಯರನ್ನು ನೆನೆದು.

ಅಜ್ಜಿ ನಗಲಿಲ್ಲ. ಮೊಮ್ಮಗಳನ್ನು ಕರೆದರು. "ಗೆದ್ದಿದ್ದಿಯಲ್ಲ, ಯಾಕ ಬಿಟ್ಟಿ?"

"ಸರ್ ತಟ್ಟಿದ್ರಲ್ಲ, ಅಜ್ಜಿ. ತಟ್ಟಿದ್ರ ಫೌರನ್, ಆ ಕ್ಷಣಾನ ಬಿಡಬೇಕು."

"ಯಾರು ಹೇಳಿದ್ರು?"

ಗೌರಿ ನನ್ನ ಕಡೆ ಬೆರಳು ತೋರಿಸಿದಳು. ಕೆದರಿದ ಕೂದಲು, ಜಾರಿದ ಸೊಂಟಪಟ್ಟಿ, ಒದ್ದೆ ಕಣ್ಣಿನ ನನ್ನನ್ನು ಅಜ್ಜಿ ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾಳಿಂದ ಐದೂ ಮಂದಿ ಬರ್ತಾರ" ಎಂದರು.

ತಿಂಗಳಿಂದ ಎದೆಯ ಮೇಲಿದ್ದ ಭಾರ ಒಮ್ಮೆಲೇ ಇಳಿಯಿತು. ಜಾರಿದ ಪಟ್ಟಿಯನ್ನು ಬಿಗಿದುಕೊಂಡು ಕೈಮುಗಿದೆ. ಅಜ್ಜಿ ಬಾಗಿಲ ತನಕ ಹೋದವರು ತಿರುಗಿ ನಿಂತರು. ದನಿ ತಗ್ಗಿಸಿ, ಹುಡುಗರಿಗೆ ಕೇಳಿಸಬಾರದೆಂಬ ಮರ್ಯಾದೆಯಿಂದ ಹೇಳಿದರು: "ಆದ್ರ ಮಾಸ್ತರ್ರ, ನೀವೂ ಎಲ್ಲ್ಯಾರ ಹೋಗಿ ಸ್ವಲ್ಪ ಕಲೀರಿ."

ನನಗೆ ಬ್ಲ್ಯಾಕ್ ಬೆಲ್ಟ್ ಸಿಕ್ಕಿ ಹನ್ನೊಂದು ವರ್ಷವಾಯಿತು ಎಂದು ಹೇಳಬಹುದಿತ್ತು. "ಹೂಂ ರೀ ಅಮ್ಮಾರ, ಹೋಗ್ತೀನಿ" ಎಂದೆ. ಆ ಗಳಿಗೆಯಲ್ಲಿ ಅವರು ಅ ಆ ಇ ಈಯಿಂದ ಶುರುಮಾಡಿ ಎಂದಿದ್ದರೂ ಸ್ಲೇಟು ತರಲು ಗೋದೌಲಿಯಾ ಪೇಟೆಗೆ ಓಡುತ್ತಿದ್ದೆ.