ಗೂಡು ಹಿಡಿದು ಕೂತ ಬಡಗಿ

ಕೈರೋದ ಬಡಗಿ ಬಯ್ಯೂಮಿ, ಹಾಜಿ ಮಿತ್ವಲ್ಲಿಯ ಮಹಡಿ ಮೇಲಿದ್ದ ಪಾರಿವಾಳದ ಗೂಡನ್ನು ರಿಪೇರಿ ಮಾಡಿ ಹೊಸದರಂತೆ ನಿಲ್ಲಿಸಿದ್ದ. ಕೂಲಿ ಕೇಳಿದಾಗಲೆಲ್ಲ ಹಾಜಿಯದು ಒಂದೇ ಪಲ್ಲವಿ: "ನಾಳೆ!" ಕೋರ್ಟಿನ ಗುಮಾಸ್ತರ ಗಡ್ಡ ಕೆರೆದು ಕೆರೆದೇ ಅರ್ಧ ವಕೀಲನಾಗಿದ್ದ ಕ್ಷೌರಿಕ ಝಕೀ ಉಪಾಯ ಹೇಳಿಕೊಟ್ಟ.

"ದುಡ್ಡು ಬರೋ ತನಕ ರಿಪೇರಿ ಮಾಡಿದ್ದನ್ನ ನೀನೇ ಹಿಡ್ಕೊಂಡಿರಬಹುದು, ಕಾನೂನಿದೆ. ಕೈಬಿಟ್ಟೆಯೋ, ಹಕ್ಕೂ ಹೋಯ್ತು!"

ಎರಡಾಳೆತ್ತರದ ಗೂಡನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಲಾದೀತೆ? ಮಧ್ಯಾಹ್ನ ಹಾಜಿ ಹಕ್ಕಿಗಳನ್ನು ಹಾರಲು ಬಿಟ್ಟದ್ದೇ ತಡ, ಬಯ್ಯೂಮಿ ತಾನೇ ಏಣಿ ಹತ್ತಿ ಗೂಡಿನೊಳಗೆ ಕೂತು ಅಗುಳಿ ಹಾಕಿಕೊಂಡ.

"ಇಳಿಯೋ ಕತ್ತೆ!" ಹಾಜಿ ಹಕ್ಕಿಗಳಿಗೆ ಸನ್ನೆ ಮಾಡುವ ಬಾವುಟದ ಕೋಲಿನಿಂದ ಹಲಗೆ ಕುಟ್ಟಿದ.

"ದುಡ್ಡಿಡು ಹಾಜಿ, ಇಳೀತೀನಿ. ಮೆಲ್ಲಗೆ ಕುಟ್ಟು, ಗೂಡೀಗ ನನ್ನ ವಶದಲ್ಲಿದೆ!"

ಸುತ್ತಲ ಮಹಡಿಗಳೆಲ್ಲ ಜನರಿಂದ ತುಂಬಿಹೋದವು. "ಬಿಡಬೇಡ ಉಸ್ತಾ!" ಎಂದು ಮೇಸ್ತ್ರಿಗೆ ಹುರುಪು ತುಂಬಿದರು ಕೆಲವರು. "ಹಾಜಿಗೆ ವಯಸ್ಸಾಗಿದೆ, ನಾಚಿಕೆ ಇಲ್ವಾ?" ಎಂದರು ಹಲವರು. ಅಷ್ಟರಲ್ಲಿ ಕೆಳಗಿನ ಓಣಿಯಿಂದ ಬಯ್ಯೂಮಿಯ ಹೆಂಡತಿ ತಹಿಯ್ಯಾಳ ದನಿ ಎದ್ದಿತು.

"ಸಮೀಹಾಳ ಅಪ್ಪಾ! ಸಂಜೆ ಮಗಳನ್ನ ಕೇಳೋಕೆ ಗಂಡಿನವರು ಬರ್ತಿದಾರೆ, ನೀವು ಕಾವಿಗೆ ಕೂತ ಕೋಳಿ ಥರ ಅಲ್ಲಿ ಕೂತಿದೀರಲ್ಲ! ಈ ಸಂಬಂಧ ತಪ್ಪಲಿ, ಆಮೇಲಿದೆ ನಿಮಗೆ!"

"ಕೂಲಿ ಬಂದ್ರೆ ತಾನೇ ಅವರಿಗೆ ಸಿಹಿ ತರೋದು?"

ಆಕೆ ಇಸ್ತ್ರಿ ಮಾಡಿದ ಕೋಟನ್ನು ಅವನು ಇಳಿಬಿಟ್ಟ ಬುಟ್ಟಿಯಲ್ಲಿಟ್ಟಳು. ಬಯ್ಯೂಮಿ ಹಗ್ಗದಿಂದ ಅದನ್ನು ಮೇಲೆಳೆದುಕೊಂಡು ತೊಟ್ಟನೋ ಇಲ್ಲವೋ, ಬೇಗ ಮರಳಿದ ಹಕ್ಕಿಯೊಂದು ಹೆಗಲ ಮೇಲೆ ಪಿಚಕ್ ಎಂದು ಮುದ್ರೆ ಒತ್ತಿತು.

ಹೊತ್ತು ಇಳಿಯುತ್ತಿದ್ದಂತೆ ಹಿಂಡು ಮರಳಿತು. ಜೊತೆಗೆ ಹೊಗೆಬಣ್ಣದ ಅಪರಿಚಿತ ಜೋಡಿಯೊಂದು! ದಾರಿ ತಪ್ಪಿ ಬಂದ ಹಕ್ಕಿ ಗೂಡಿನವನದು ಎಂಬುದು ಪಾರಿವಾಳದವರ ಕಟ್ಟಳೆ.

"ಆ ಜೋಡಿ ನಂದು!" ಹಾಜಿ ಕುಣಿದ.

"ಗೂಡು ಯಾರ ವಶ?" ಬಯ್ಯೂಮಿ ಕೇಳಿದ.

"ಬಯ್ಯೂಮಿ ವಶ. ಹಕ್ಕಿನೂ ಅವನದೇ!" ಪಕ್ಕದ ಮಹಡಿಯಿಂದ ಝಕೀ ತೀರ್ಪು ಕೊಟ್ಟ.

ಆ ಜೋಡಿಗೆ ಕೂಲಿಯ ಎರಡರಷ್ಟು ಬೆಲೆ ಬರುತ್ತಿತ್ತು! ಬಯ್ಯೂಮಿ ಹಕ್ಕಿಗಳನ್ನು ಕೋಟಿನೊಳಗೆ ಸೇರಿಸಿ ದಡದಡ ಇಳಿದ. ಹಾಜಿ ಗೂಡಿಗೆ ಬೀಗ ಜಡಿದ.

"ಗೂಡು ಬಿಟ್ಟೆ, ಕೂಲಿ ಹೋಯ್ತು!"

"ಹೋಗ್ಲಿ ಬಿಡು!" ಎನ್ನುತ್ತ ಬಯ್ಯೂಮಿ ಮನೆಗೆ ಓಡಿದ.

ಗಂಡಿನವರು ಆಗಲೇ ಬಂದು ಕೂತಿದ್ದರು. ಹುಡುಗನ ಅಪ್ಪನ ಮುಖ ಬಾಡಿತ್ತು.

"ಮನಸ್ಸೇ ಸರಿಯಿಲ್ಲ ಉಸ್ತಾ. ಮರಿಯಿಂದ ಸಾಕಿದ ನನ್ನ ಹೊಗೆಬಣ್ಣದ ಜೋಡಿ ಇವತ್ತು ವಾಪಸ್ ಬರಲೇ ಇಲ್ಲ. ಹಿಡಿದವನು ಯಾರೇ ಆಗಿರಲಿ, ಅವನ ಮನೆ ನೀರೂ ಮುಟ್ಟಲ್ಲ!"

ಬಯ್ಯೂಮಿಯ ಕೋಟು "ಗುಟುರ್ ಗೂ" ಎಂದಿತು.

ತಹಿಯ್ಯಾ ಗಂಡನನ್ನು ನುಂಗುವಂತೆ ನೋಡಿದಳು. ಬಯ್ಯೂಮಿ ತಟ್ಟನೆ ಹಕ್ಕಿಗಳನ್ನು ಹೊರತೆಗೆದ.

"ಇವನ್ನ... ಹುಡುಕಿ ತಂದೆ ಬೀಗರೇ, ನಿಮಗೋಸ್ಕರ!"

ಆತ ಹಕ್ಕಿಗಳನ್ನು ಮುದ್ದಿಸಿ, ಬಯ್ಯೂಮಿಯನ್ನು ಬಾಚಿ ತಬ್ಬಿಕೊಂಡ.

"ಸಂಬಂಧ ಗಟ್ಟಿ! ನೀವು ಗೂಡಿನ ಕೆಲಸದಲ್ಲಿ ಎತ್ತಿದ ಕೈಯಂತಲ್ಲ? ನಂದೂ ಒಂದು ಮುರಿದು ಬಿದ್ದಿದೆ, ನಾಳೆನೇ ಬಂದು ಸರಿ ಮಾಡಿಕೊಡಿ. ಇನ್ನು ಬೀಗರಾದ ಮೇಲೆ ನಮ್ಮನಮ್ಮಲ್ಲಿ ಕೂಲಿ ಮಾತೇಕೆ!"