ಬದನೆ ಮಡಿಗೆ ಬಿದ್ದ ಪಹರೆ

ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಸಾಲಾಗಿ ನಿಂತಿದ್ದ ಟೊಮೆಟೊ ಗಿಡಗಳೆಲ್ಲ ಕೆಂಪಾಗಿಬಿಟ್ಟಿವೆ. ಹಣ್ಣಲ್ಲ, ಹಣ್ಣು ಇನ್ನೂ ಬಿಟ್ಟೇ ಇರಲಿಲ್ಲ. ಕೆಂಪಾಗಿದ್ದದ್ದು ಕಾಂಡ. ಬುಡದಿಂದ ಗೇಣೆತ್ತರಕ್ಕೆ ಕೆಂಪು, ಅದರ ಮೇಲೆ ಬೆರಳಗಲದ ಬಿಳಿ ಪಟ್ಟಿ. ಏನಾಗಿರಬೇಕು, ಹೇಳಿ ನೋಡೋಣ. ರೋಗ ಅಂದಿರಾ? ಅಲ್ಲ. ಹುಳ? ಅಲ್ಲ. ಯಾರೋ ಮಾಟ ಮಾಡಿಸಿದ್ದಾರೆ? ಎಷ್ಟೋ ದಿನದ ಮೇಲೆ ಕಥೆ ಕೇಳಿದ ನನ್ನ ಹೆಂಡತಿಯೂ ಅದನ್ನೇ ಅಂದಳು, ಅದೂ ಅಲ್ಲ. ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಆ ತೋಟದಲ್ಲಿ ಇಂಥದ್ದು ಆಗಾಗ ನಡೆಯದಿದ್ದರೇ ನಮಗೆ ಏನೋ ಸಂಶಯ ಬರುತ್ತಿತ್ತು.

ತೋಟ ಅಂದರೆ ಹೈದರಾಬಾದಿನಲ್ಲಿ ಗಾಯಗೊಂಡ ಸೈನಿಕರ ಪುನರ್ವಸತಿ ಕೇಂದ್ರವೊಂದರ ಹಿತ್ತಲು. ಮಣ್ಣು ಮುಟ್ಟಿ ಗಿಡ ಬೆಳೆಸಿದರೆ ಕೈಕಾಲೂ ಮನಸ್ಸೂ ಬೇಗ ಚೇತರಿಸಿಕೊಳ್ಳುತ್ತವೆ ಎಂಬುದನ್ನೇ ಓದಿಕೊಂಡು ಬಂದ ಮೈಸೂರಿನ ಯುವತಿಯೊಬ್ಬರು ಅಲ್ಲಿ ತೋಟದ ಚಿಕಿತ್ಸೆ ಶುರು ಮಾಡಿದ್ದರು. ಎಲ್ಲರಿಗೂ ಅವರು ಮೇಡಂ. ನಾನು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಕಲಬುರಗಿ ಕಡೆಯ ಮನೆತನ, ಈಗ ವಾಸ ದಿಲ್‌ಸುಖ್‌ನಗರ. ತೆಲುಗು, ಹಿಂದಿ, ಕನ್ನಡ ಬಲ್ಲ, ಬಿಡುವಿರುವ ಮನುಷ್ಯನೊಬ್ಬ ಬೇಕೆಂದು ಮೇಡಂ ಹುಡುಕುತ್ತಿದ್ದರು. ನನಗೆ ಬಿಡುವಂತೂ ಇತ್ತು. ಇನ್ನು ಮಾತು, ಮೂರೂ ಭಾಷೆಯಲ್ಲಿ ಸುಮ್ಮನಿರಲು ಬರುತ್ತಿರಲಿಲ್ಲ. ಸೇರಿಸಿಕೊಂಡರು.

ಶಿಸ್ತು

ತೋಟಕ್ಕೆ ಬರುತ್ತಿದ್ದವರಲ್ಲಿ ಇಬ್ಬರನ್ನು ನೀವು ತಿಳಿದಿರಬೇಕು. ಒಬ್ಬರು ಬಾಗಲಕೋಟೆ ಕಡೆಯ ಹವಾಲ್ದಾರರು. ಗಡಿಯಲ್ಲಿ ನೆಲದೊಳಗಿನ ಮೈನು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಇನ್ನೊಬ್ಬ ನಲ್ಗೊಂಡದ ಫಿರಂಗಿ ದಳದ ಹುಡುಗ, ಬಲಗೈ ಇಲ್ಲ. ಅವನನ್ನು ಎಲ್ಲರೂ ಗನ್ನರ್ ಅನ್ನುತ್ತಿದ್ದರು. ಕೇಂದ್ರದ ಮುಖ್ಯಸ್ಥರು ಒಬ್ಬ ಕರ್ನಲ್ ಸಾಹೇಬರು, ಸ್ವತಃ ಡಾಕ್ಟರು. ಆಸ್ಪತ್ರೆಯಲ್ಲಿ ತರಕಾರಿ ಇರಬೇಕಾದ ಜಾಗ ಅಡುಗೆಮನೆ ಎಂಬುದು ಅವರ ಖಚಿತ ಅಭಿಪ್ರಾಯ. ಪ್ರತಿ ಸಭೆಯಲ್ಲೂ ಅದನ್ನು ಹೇಳಿಯೇ ಚಹಾ ಕುಡಿಯುತ್ತಿದ್ದರು.

ದೆಹಲಿಯಿಂದ ಒಬ್ಬ ದೊಡ್ಡ ಅಧಿಕಾರಿ ನೋಡಲು ಬರುತ್ತಾರೆ ಎಂದು ಸುದ್ದಿಯಾಯಿತು. ಮೇಡಂ ಹಿಂದಿನ ಸಂಜೆ ಹೇಳಿದ್ದು ಇಷ್ಟೇ: ನಾಳೆ ತೋಟ ಸ್ವಲ್ಪ ಚೆಂದ ಕಾಣಲಿ. ಫೌಜಿನಲ್ಲಿ ಇದಕ್ಕೆ ಒಂದೇ ಅರ್ಥ. ಅಲುಗಾಡದೆ ನಿಂತದ್ದಕ್ಕೆಲ್ಲ ಕೆಮ್ಮಣ್ಣು, ಸುಣ್ಣ ಬಳಿಯಬೇಕು. ಕಲ್ಲಿಗೆ ಬಳಿದರು, ಕುಂಡಕ್ಕೆ ಬಳಿದರು, ಬೇವಿನ ಮರಕ್ಕೆ ಬಳಿದರು. ಬಣ್ಣ ಉಳಿಯಿತು. ಟೊಮೆಟೊ ಗಿಡಗಳಿಗೂ ಸಣ್ಣ ಬ್ರಶ್ಶು ಹಿಡಿದು ಬಳಿದರು. ಸಾಲಿನಿಂದ ಬೆರಳಷ್ಟು ಹೊರಗೆ ನಿಂತಿದ್ದ ಎರಡು ಗಿಡಗಳನ್ನು ಕಿತ್ತು ಒಳಗೆ ತಂದು ನಿಲ್ಲಿಸಿದ್ದರು.

ಮೇಡಂ ನೋಡಿ ಬೇವಿನ ಬುಡದಲ್ಲಿ ಕೂತುಬಿಟ್ಟರು. ಅಷ್ಟರಲ್ಲಿ ದೊಡ್ಡ ಅಧಿಕಾರಿ ಬಂದೇ ಬಂದರು. ಘಮಘಮಿಸುವ ಮಲ್ಲಿಗೆ ದಾಟಿದರು, ಹೂಬಿಟ್ಟ ಬೆಂಡೆ ದಾಟಿದರು, ಟೊಮೆಟೊ ಮುಂದೆ ಬಂದು ನಿಂತರು. ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಹಾಯಿಸಿ ಕರ್ನಲ್ ಸಾಹೇಬರಿಗೆ ಹೇಳಿದರು: ನಿಮ್ಮ ಇಡೀ ಕೇಂದ್ರದಲ್ಲಿ ಶಿಸ್ತು ಇರುವುದು ಈ ಗಿಡಗಳಿಗೆ ಮಾತ್ರ.

ನಾನು ಯಾರ ಕಡೆಯವನು

ಹವಾಲ್ದಾರರಿಗೆ ಹೊಸ ಕಾಲು ಬಂದು ಬಹಳ ದಿನವಾಗಿತ್ತು. ಅದನ್ನವರು ಟವೆಲಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದರು. ಹಾಕಿಕೊಂಡರೆ ಕಚ್ಚುತ್ತದೆ, ನಿಂತರೆ ಬೀಳುತ್ತೇನೆ ಅನ್ನುವರು. ದಸರೆ ಮುಗಿದ ಮೇಲೆ ವೈದ್ಯರ ಮಂಡಳಿ ಕೂರುವುದಿತ್ತು. ಅದರ ಮುಂದೆ ನೆಟ್ಟಗೆ ನಿಂತು ತೋರಿಸಿದರೆ ಹೊಸ ಸಿಪಾಯಿಗಳಿಗೆ ಕವಾಯತು ಕಲಿಸುವ ಉಸ್ತಾದರಾಗಿ ಪಡೆಯಲ್ಲೇ ಉಳಿಯಬಹುದು. ಇಲ್ಲವಾದರೆ ಸಮವಸ್ತ್ರ ಕಳಚಿ ಮನೆಗೆ. ಉಸ್ತಾದ ಆಗಬೇಕೆಂಬುದು ಅವರ ಜೀವದ ಆಸೆ. ಆದರೆ ಕಾಲನ್ನು ಹೊರಗೆ ತೆಗೆಯಲೊಲ್ಲರು.

ಮೇಡಂ ತೋಟದಲ್ಲಿ ಎರಡು ಬಗೆಯ ಮಡಿ ಕಟ್ಟಿಸಿದ್ದರು, ಗಾಲಿಕುರ್ಚಿಯವರಿಗೆ ತಗ್ಗಿನವು, ನಿಂತು ಮಾಡುವವರಿಗೆ ಎತ್ತರದವು. ಹವಾಲ್ದಾರರು ಎಲ್ಲಕ್ಕಿಂತ ತಗ್ಗಿನ, ಎಲ್ಲಕ್ಕಿಂತ ಮೂಲೆಯ ಮಡಿ ಆರಿಸಿಕೊಂಡರು. ಎತ್ತರದ ಮಡಿ ತನ್ನನ್ನು ಎಬ್ಬಿಸಲು ಹೂಡಿದ ಸಂಚು ಎಂದು ಅವರ ಗುಮಾನಿ. ಅದು ನಿಜವೂ ಆಗಿತ್ತು. ನಮ್ಮನ್ನು ಮಾಲಿಗಳನ್ನಾಗಿ ಮಾಡಿ ಮನೆಗೆ ಕಳಿಸುವ ಸಂಚು ಎಂಬ ಇನ್ನೊಂದು ಗುಮಾನಿಯೂ ಇತ್ತು. ಅದು ಸುಳ್ಳು.

ಮೂರನೆಯ ಗುಮಾನಿ ನನ್ನ ಮೇಲೆ. ಸಂಬಳವಿಲ್ಲದೆ ದಿನಾ ಬಂದು ಮಣ್ಣು ಕೆದರುವ ಮುದುಕ ಮಂಡಳಿಯ ಗೂಢಚಾರನಲ್ಲದೆ ಇನ್ನೇನು? ನನ್ನನ್ನು ಕಂಡೊಡನೆ ಒಬ್ಬ ಸೊಂಟ ಹಿಡಿದು ನರಳುವನು, ಇನ್ನೊಬ್ಬ ನೋವನ್ನು ನುಂಗಿ ಕುಣಿಯುವನು. ಯಾರಿಗೆ ನಿಜಕ್ಕೂ ಏನಾಗಿದೆ ಎಂದು ತಿಳಿಯಬೇಕಾದರೆ ನಾನು ಬೇವಿನ ಮರದ ಹಿಂದೆ ನಿಂತು ಇಣುಕಬೇಕಿತ್ತು, ಹಾಗೆ ಇಣುಕುವಾಗಲೇ ಸಿಕ್ಕಿಬಿದ್ದೆ.

ಹವಾಲ್ದಾರರು ಗಾಲಿಕುರ್ಚಿಯನ್ನು ಅಡ್ಡ ಹಾಕಿ ವಿಚಾರಣೆ ಶುರು ಮಾಡಿದರು. ಊರು, ಅಪ್ಪನ ಹೆಸರು, ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದೆ ಎಲ್ಲ ಕೇಳಿದರು. ನಾನು ಉತ್ಸಾಹದಿಂದ ಹೇಳತೊಡಗಿದೆ. ಅಪ್ಪನಿಂದ ಹಿಡಿದು ನನ್ನ ಕಾಲೇಜು, ಮೊದಲ ನೌಕರಿ, ಸನತ್‌ನಗರದ ಬಾಡಿಗೆ ಮನೆ, ಆ ಮನೆಯ ಮಾಲೀಕನ ಸ್ವಭಾವದವರೆಗೆ ಬಂದಾಗ ಅವರು ಕೈ ಎತ್ತಿ ತಡೆದರು. ಗನ್ನರ್ ಕಡೆ ತಿರುಗಿ, “ಬಿಟ್ಟುಬಿಡೋ ಇವರನ್ನ. ಗೂಢಚಾರ ಆಗಿದ್ರ ಇವರ ಮಾತು ಕೇಳಿ ಮಂಡಳಿಯವ್ರು ಯಾವಾಗೋ ತಲಿ ಕೆಡಿಸ್ಕೊಂಡಿರ್ತಿದ್ರು” ಅಂದರು.

ಅಂದಿನಿಂದ ನಾನು ಅವರಿಗೆ ಕಾಕಾ.

ಹಾಜರಿ

ಹವಾಲ್ದಾರರ ತಾಯಿ ಊರಿನಿಂದ ಬದನೆ ಬೀಜ ಕಳಿಸಿದ್ದರು. ಎಣ್ಣೆಗಾಯಿಗೆ ಆಗುವ ಮುಳ್ಳು ಬದನೆ. ಬಿತ್ತಿದ್ದಾಯಿತು, ನೀರು ಹಾಕಿದ್ದಾಯಿತು, ದಿನಗಳು ಹೋದರೂ ಒಂದೂ ಮೊಳೆಯಲಿಲ್ಲ. ಪಕ್ಕದ ಗನ್ನರ್ ಒಂದೇ ಕೈಯಲ್ಲಿ ಬಿತ್ತಿದ ಮೆಂತ್ಯ ಸೊಪ್ಪಾಗಿ, ಕೊಯ್ದು, ಅಡುಗೆಮನೆಗೂ ಹೋಗಿಬಂತು. ಬೀಜ ಸರಿಯಿಲ್ಲವೋ, ಮಣ್ಣು ಸರಿಯಿಲ್ಲವೋ ಎಂದು ಮೇಡಂ ತಲೆ ಕೆಡಿಸಿಕೊಂಡರು. ಕೊನೆಗೆ ಹವಾಲ್ದಾರರನ್ನೇ, “ನೀವು ಬೀಜಾನ ಏನಾದ್ರೂ ಮಾಡ್ತಿದೀರಾ ಸಾರ್?” ಎಂದು ಕೇಳಿದರು.

“ಏನೂ ಇಲ್ರಿ ಮೇಡಂ. ದಿನಾ ಮುಂಜಾನೆ ತಗದು ನೋಡ್ತೀನಿ. ಎಲ್ಲಾರೂ ಹಾಜರ್ ಅದಾರ.”

ಗುರುತು

ಭಾದ್ರಪದ ಮುಗಿದು ಬತುಕಮ್ಮ ಶುರುವಾಯಿತೆಂದರೆ ಹೈದರಾಬಾದಿನಲ್ಲಿ ಯಾರ ಕಾಂಪೌಂಡಿನ ಹೂವೂ ಆ ಮನೆಯವರದ್ದಲ್ಲ. ಹೂವಿನ ಗೋಪುರ ಕಟ್ಟಿ ಸುತ್ತ ಆಡುವ ಹಬ್ಬ. ಗಿಡದಲ್ಲಿ ಕಂಡದ್ದೆಲ್ಲ ತಟ್ಟೆಗೆ ಬರಬೇಕು. ನಮ್ಮ ಚೆಂಡುಹೂವಿನ ಮಡಿಗೆ ಹವಾಲ್ದಾರರು ಪಹರೆ ಹಾಕಿಸಿದರು, ಗನ್ನರ್‌ನ ಪಾಳಿ, ತಮ್ಮ ಪಾಳಿ ಎಂದು. ಬೇಲಿಯ ಹೊರಗೆ ಹೆಂಗಸರು ಹಾದರೆ ಸಾಕು, ಒಳಗಿನಿಂದ ಎರಡು ಕಣ್ಣು ಜೊತೆಗೇ ಸಾಗುತ್ತಿದ್ದವು.

ಇತ್ತ ಮನೆಯಲ್ಲಿ ನನ್ನ ಹೆಂಡತಿಗೆ ಬೇರೆ ಸಂಶಯ. ಆಸ್ಪತ್ರೆಗೆ ಹೋಗುತ್ತೇನೆ ಅಂತ ಹೇಳಿ ಹೋದವನು ಮೈತುಂಬ ಮಣ್ಣು, ಚೀಲದ ತುಂಬ ಸೊಪ್ಪು, ಮುಖದ ತುಂಬ ನಗು ಹೊತ್ತು ಬರುತ್ತಾನೆ. ಯಾವ ಆಸ್ಪತ್ರೆಯವರು ಮೆಂತ್ಯ ಕೊಟ್ಟು ಕಳಿಸುತ್ತಾರೆ? ಆಕೆ ಏನೂ ಕೇಳಲಿಲ್ಲ. ಒಂದು ದಿನ ಆಟೊ ಮಾಡಿಕೊಂಡು ಹಿಂದೆಯೇ ಬಂದು ಬೇಲಿಯ ಸಂದಿಯಲ್ಲಿ ಇಣುಕಿದಳು. ಕೈಯಲ್ಲಿ ಖಾಲಿ ಚೀಲ ಬೇರೆ.

ಗನ್ನರ್ ಹಿಡಿದೇಬಿಟ್ಟ. ನಮ್ಮ ಯಜಮಾನರು ಇಲ್ಲೇ ಇದ್ದಾರೆ ಎಂದು ಆಕೆ ಎಷ್ಟು ಹೇಳಿದರೂ ಹೂ ಕದಿಯುವವರೆಲ್ಲ ಹೀಗೇ ಹೇಳುವುದು ಎಂದ. ಗುರುತಿಸಲು ನನ್ನನ್ನು ಕರೆಸಿದರು. ಬೇವಿನ ನೆರಳಲ್ಲಿ, ಗಾಲಿಕುರ್ಚಿಯ ಎದುರಿಗೆ, ಚೀಲ ಎದೆಗವಚಿ ನಿಂತಿದ್ದಾಳೆ. ಹವಾಲ್ದಾರರು ಗಂಭೀರವಾಗಿ, “ಕಾಕಾ, ನೋಡಿ ಹೇಳ್ರಿ. ಇವರು ನಿಮಗ ಗೊತ್ತೇನ್ರಿ?” ಅಂದರು.

ಗೊತ್ತು ಅಂದೆ. ಆದರೆ ಅನ್ನುವ ಮೊದಲು ಒಂದು ಕ್ಷಣ ತಡೆದೆ ಎಂಬ ಆರೋಪ ನನ್ನ ಮೇಲಿದೆ. ಆ ಮೊಕದ್ದಮೆ ನಮ್ಮ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ.

ಹೊಂಚು

ಬೀಜ ತೆಗೆದು ನೋಡುವುದನ್ನು ಮೇಡಂ ಬಿಡಿಸಿದ ಮೇಲೆ ಬದನೆ ಎದ್ದಿತ್ತು. ಎದ್ದದ್ದಷ್ಟೇ ಅಲ್ಲ, ಹೂಬಿಟ್ಟು ಕಾಯಿ ಹಿಡಿಯಿತು. ಹವಾಲ್ದಾರರ ಮುಖದಲ್ಲಿ ನಗು ಕಂಡಿತು. ಆಮೇಲೆ ಅದು ಮಾಯವಾಯಿತು. ಬೆಳಿಗ್ಗೆ ಅವರು ಬರುವಷ್ಟರಲ್ಲಿ ಯಾರೋ ಆ ಮಡಿಯ ಕಳೆ ಕಿತ್ತಿರುತ್ತಿದ್ದರು. ಮಣ್ಣು ಸಡಿಲಿಸಿ, ನೀರು ಹನಿಸಿ, ಒಣಗಿದ ಎಲೆ ಆಯ್ದು ಹೋಗಿರುತ್ತಿದ್ದರು.

ಒಳ್ಳೆಯದೇ ಆಯಿತಲ್ಲ ಅಂದೆ. ಅವರು ನನ್ನನ್ನು ನೋಡಿದ ರೀತಿ ಮರೆಯಲಾರೆ.

“ಕಾಲಿಲ್ಲದಾಂವ ಅಂತ ಯಾರೋ ದಯಾ ತೋರಸಾಕತ್ತಾರ್ರಿ ಕಾಕಾ. ಮೈನ್ ಸಿಡಿದದ್ದು ತಡಕೊಂಡೆ. ಇದನ್ನ ತಡಕೊಳ್ಳಾಕ ಆಗಂಗಿಲ್ಲ.”

ಅಲ್ಲಿಂದ ಯಾರ ಮೇಲೂ ನಂಬಿಕೆಯಿಲ್ಲ. ಹವಾಲ್ದಾರರು ಮೇಡಂ ಅವರ ಉಗುರಿನ ಮಣ್ಣು ನೋಡಿದರು, ಎಲ್ಲರ ಉಗುರಲ್ಲೂ ಮಣ್ಣಿತ್ತು. ಗನ್ನರ್‌ನ ಚಪ್ಪಲಿ ತಿರುಗಿಸಿ ನೋಡಿದರು. ಮಡಿಯ ಸುತ್ತ ದಾರ ಕಟ್ಟಿ ಖಾಲಿ ಡಬ್ಬಿ ತೂಗುಬಿಟ್ಟರು, ಸಿಕ್ಕಿಬಿದ್ದದ್ದು ಬೆಕ್ಕು. ಅದನ್ನೂ ಸ್ವಲ್ಪ ಹೊತ್ತು ಅನುಮಾನದಿಂದಲೇ ನೋಡಿದರು. ಕೊನೆಗೆ ತಾವೇ ಹೊಂಚು ಹಾಕುವುದೆಂದು ತೀರ್ಮಾನಿಸಿದರು. ಸಾಕ್ಷಿ ಬೇಕಲ್ಲ, ಅದಕ್ಕೆ ನಾನು. ಮೆಟ್ರೊ ಶುರುವಾಗುವ ಮೊದಲೇ ಆಟೊ ಹಿಡಿದು ಬಾ ಎಂದು ಅಪ್ಪಣೆಯಾಯಿತು. ಅದೂ ಬಾಯಿ ಮುಚ್ಚಿಕೊಂಡು.

ನಸುಕಿನಲ್ಲಿ ಹೋದಾಗ ಅವರು ಹೀರೇಕಾಯಿ ಚಪ್ಪರದ ಬಳ್ಳಿಗಳೊಳಗೆ ಆಗಲೇ ಅಡಗಿದ್ದರು. ಗಾಲಿಕುರ್ಚಿ ಎಲ್ಲೂ ಕಾಣಲಿಲ್ಲ. ಅದರ ಗಾಲಿ ಕಿರುಗುಟ್ಟುತ್ತದೆ, ಕಬ್ಬಿಣ ಮಿಂಚುತ್ತದೆ; ಹೊಂಚಿನಲ್ಲಿ ಸದ್ದೂ ಇರಬಾರದು, ಹೊಳಪೂ ಇರಬಾರದು ಎಂದು ಪಿಸುಗುಟ್ಟಿದರು. ನನ್ನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿದರು. ಬಕೆಟ್ಟಿನ ಕೆಳಗೆ ಇರುವೆ ಗೂಡು. ನಾನು ಅಲುಗಿದರೆ ಹೆಗಲ ಮೇಲೆ ಅವರ ಕೈ ಬಂದು ಅದುಮುತ್ತಿತ್ತು. ಆ ಕೈ ಮೇಲಿನಿಂದ ಬರುತ್ತಿದೆಯಲ್ಲ ಎಂಬುದು ಇರುವೆಯ ಗಲಾಟೆಯಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ.

ಬೆಳಕು ಹರಿಯುತ್ತಿದ್ದಂತೆ ಒಂದು ಆಕೃತಿ ಬಂತು. ಪಟ್ಟೆಪಟ್ಟೆ ಪೈಜಾಮ, ತಲೆಗೆ ಮಂಗನ ಟೋಪಿ, ಕೈಯಲ್ಲಿ ಕಳೆ ಕೀಳುವ ಖುರ್ಪಿ. ದಾರವನ್ನು ನಾಜೂಕಾಗಿ ದಾಟಿ ಬದನೆ ಮಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಿಡಗಳ ಜೊತೆ ಹಿಂದಿಯಲ್ಲಿ ಮಾತಾಡತೊಡಗಿತು. ಏನಮ್ಮಾ, ನಿದ್ದೆ ಆಯಿತಾ, ಯಾಕೆ ಸೊರಗಿದ್ದೀಯಾ, ಆ ಹವಾಲ್ದಾರ ಬೈದನಾ ಎಂದು ಮೊಮ್ಮಗಳನ್ನು ಕೇಳುವ ಹಾಗೆ.

“ಥಮ್! ಹಾಥ್ ಊಪರ್!”

ನಿಲ್ಲು, ಕೈ ಮೇಲೆ ಎಂದು ಹವಾಲ್ದಾರರು ಗರ್ಜಿಸಿದ್ದಕ್ಕೆ ತೋಟದ ಹಕ್ಕಿಗಳೆಲ್ಲ ಎದ್ದುಹೋದವು. ಆಕೃತಿ ಎರಡೂ ಕೈ ಮೇಲೆತ್ತಿ ನಿಂತಿತು. ಒಂದರಲ್ಲಿ ಖುರ್ಪಿ, ಇನ್ನೊಂದರಲ್ಲಿ ಗರಿಕೆ. ಯಾರೆಂದು ಹವಾಲ್ದಾರರು ಹಿಂದಿಯಲ್ಲಿ ಗದರಿದರು. ಆಕೃತಿ ಮೆಲ್ಲಗೆ ತನ್ನ ಹುದ್ದೆ ಹೇಳಿತು. ಕರ್ನಲ್ ಸಾಹೇಬರು. ಗುರುತಿನ ಚೀಟಿ ಎಲ್ಲಿ ಎಂದು ಹವಾಲ್ದಾರರು ಬಿಡಲಿಲ್ಲ. ಪೈಜಾಮಕ್ಕೆ ಜೇಬಿರಲಿಲ್ಲ.

ಹವಾಲ್ದಾರರ ದನಿ ಸಣ್ಣಗಾಯಿತು. ನನ್ನ ಮೇಲೆ ಯಾಕೆ ಈ ದಯೆ ಸಾಹೇಬ್ ಎಂದು ಕೇಳಿದರು.

ಕರ್ನಲ್ ಸಾಹೇಬರು ಕಕ್ಕಾಬಿಕ್ಕಿಯಾದರು. ಈ ಮಡಿ ನಿನ್ನದು ಎಂದು ಯಾರಿಗೆ ಗೊತ್ತಿತ್ತು, ನನ್ನ ಕ್ವಾರ್ಟರ್ಸಿನ ಕಿಟಕಿಗೆ ಕಾಣದ ಮಡಿ ಇದೊಂದೇ ಅಂದರು. ಅವರ ಹೆಂಡತಿ ಮನೆಯ ತೋಟದಲ್ಲಿ ಅವರಿಗೆ ಒಂದು ಎಲೆ ಮುಟ್ಟಲು ಬಿಡುವುದಿಲ್ಲ, ಮುಟ್ಟಿದ್ದೆಲ್ಲ ಒಣಗುತ್ತದಂತೆ. ಹವಾಲ್ದಾರ ಬೈದನಾ ಎಂದು ಗಿಡವನ್ನು ಕೇಳಿದ್ದು ಯಾಕೆಂದರೆ, ಈ ತೋಟದಲ್ಲಿ ಯಾವ ಗಿಡಕ್ಕಾದರೂ ಬೈಯುವವನು ಅವನೊಬ್ಬನೇ ಎಂದು ಕೇಂದ್ರಕ್ಕೆಲ್ಲ ಗೊತ್ತು.

ಹವಾಲ್ದಾರರು ದೊಡ್ಡ ಉಸಿರು ಬಿಟ್ಟರು. ದಯೆಯಲ್ಲ, ಕಳ್ಳತನ. ಅದನ್ನು ಅವರು ತಡೆದುಕೊಳ್ಳಬಲ್ಲರು.

“ಅದಿರಲಿ,” ಕೈ ಮೇಲೆತ್ತಿಕೊಂಡೇ ಕರ್ನಲ್ ಸಾಹೇಬರು ಕೇಳಿದರು, “ನೀನು ಎಷ್ಟು ಹೊತ್ತಿನಿಂದ ನಿಂತಿದ್ದೀಯಾ?”

ಆಗ ಹವಾಲ್ದಾರರು ಕೆಳಗೆ ನೋಡಿದರು, ನಾನೂ ನೋಡಿದೆ. ಹೀರೆ ಬಳ್ಳಿಯ ನಡುವೆ ಎರಡು ಬೂಟು. ಕತ್ತಲಿದ್ದಾಗಿನಿಂದ ಆ ಮನುಷ್ಯ ಹೊಸ ಕಾಲಿನ ಮೇಲೆ ಕಂಬದಂತೆ ನಿಂತಿದ್ದರು. ಹೊಂಚು ಹಾಕಿದವನಿಗೆ ಕಾಲು ಕಚ್ಚಿದ್ದು ಹೇಗೆ ತಿಳಿದೀತು? ಮಂಡಳಿಯಲ್ಲಿ ಕರ್ನಲ್ ಸಾಹೇಬರೂ ಒಬ್ಬರು ಎಂದು ಆಮೇಲೆ ಗೊತ್ತಾಯಿತು. ಅವರ ಪಾಲಿನ ಪರೀಕ್ಷೆ ಅಲ್ಲೇ, ಕೈ ಮೇಲಿದ್ದಾಗಲೇ ಮುಗಿದಿತ್ತು. ಹವಾಲ್ದಾರರು ಈಗ ಉಸ್ತಾದರು.

ಅದೇ ಮಧ್ಯಾಹ್ನ ಕೇಂದ್ರದಲ್ಲಿ ಆಯುಧ ಪೂಜೆ. ಖುರ್ಪಿ, ಗುದ್ದಲಿ, ನೀರಿನ ಝಾರಿ ಎಲ್ಲವನ್ನೂ ಸಾಲಾಗಿಟ್ಟು ಪಂಡಿತರು ಕುಂಕುಮ ಹಚ್ಚುತ್ತಿದ್ದರು. ಹವಾಲ್ದಾರರು ನಡೆದುಕೊಂಡೇ ಬಂದರು. ಕಾಲನ್ನೂ ಬಿಚ್ಚಿ ಸಾಲಿನಲ್ಲಿಡಿ, ಅದಕ್ಕೂ ಪೂಜೆಯಾಗಲಿ ಎಂದು ಮೇಡಂ ಕಣ್ಣೊರೆಸಿಕೊಳ್ಳುತ್ತ ಹೇಳಿದರು. ಅಷ್ಟು ದಿನ ಹಾಕಿಕೊಳ್ಳದ ಕಾಲನ್ನು ಈಗ ಬಿಚ್ಚಲೊಲ್ಲರು. ಪಂಡಿತರೇ ಮಂಡಿಯೂರಿ ಬೂಟಿಗೆ ಕುಂಕುಮ ಹಚ್ಚಬೇಕಾಯಿತು.

ಯಾಕ್ರೀ ಹವಾಲ್ದಾರರ, ಒಂದು ಗಳಿಗೆ ಬಿಚ್ಚಿದ್ರ ಏನಾಗ್ತಿತ್ತು ಎಂದು ಕಿವಿಯಲ್ಲಿ ಕೇಳಿದೆ. ಅವರು ಕರ್ನಲ್ ಸಾಹೇಬರ ಕಡೆ ಕಣ್ಣು ಹಾಯಿಸಿ ತಗ್ಗಿದ ದನಿಯಲ್ಲಿ ಅಂದರು:

“ಇಲ್ಲಿ ಯಾರ್ನೂ ನಂಬಾಂಗಿಲ್ರಿ ಕಾಕಾ. ಬಿಚ್ಚಿಟ್ರ ಅದನ್ನೂ ಯಾರರ ಒಯ್ದು ನೀರು ಹಾಕ್ತಾರ.”

ಆ ಹೊಂಚು, ಆ ಪೂಜೆ ಎರಡೂ ನಡೆದದ್ದು ಎರಡು ಸಾವಿರದ ಇಪ್ಪತ್ತೈದನೇ ಇಸವಿ, ಅಕ್ಟೋಬರ್ ಒಂದು, ಬುಧವಾರ, ಮಹಾನವಮಿಯ ದಿನ.